ಒಂದೇ ಹೆಸರು, ಹಲವು ರೋಗಗಳು

ಮುಂಬಯಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥ ಕನ್ನಡಿಗರಲ್ಲಿಗೆ ಊರಿನಿಂದ ಬರುವ ನೆಂಟರಲ್ಲಿ ಎರಡು ಬಗೆ. ಬೇಸಗೆಯ ರಜೆಯಲ್ಲಿ ಮಕ್ಕಳುಮರಿಗಳೊಂದಿಗೆ ಬಂದು, ಮಹಾಲಕ್ಷ್ಮಿಯ ದರ್ಶನ ಮಾಡಿ, ಚೌಪಾಟಿಯಲ್ಲಿ ಭೇಳ್ ತಿಂದು, ದಾದರಿನಲ್ಲಿ ಸೀರೆ ಕೊಂಡು ಹೋಗುವವರು ಒಂದು ಬಗೆ. ದೊಡ್ಡದೊಂದು ಲಕೋಟೆಯನ್ನು ಎದೆಗವಚಿಕೊಂಡು ರೈಲಿನಿಂದಿಳಿದು, ಕೈಕಾಲು ತೊಳೆಯುವ ಮೊದಲೇ “ಇಲ್ಲಿಂದ ಪರೇಲಿಗೆ ಹೇಗೆ ಹೋಗಬೇಕು?” ಎಂದು ಕೇಳುವವರು ಇನ್ನೊಂದು ಬಗೆ. ಪರೇಲಿನಲ್ಲಿ ಏನಿದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ೧೯೪೧ರ ಫೆಬ್ರವರಿ ೨೮ರಂದು ಅಲ್ಲಿ ಬಾಗಿಲು ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯ ಹೆಸರು ಬೀದರಿನಿಂದ ಕಾರವಾರದವರೆಗೆ ಎಲ್ಲರಿಗೂ ಗೊತ್ತು.

ಹೀಗೆ ಬಂದವರ ಲಕೋಟೆ ಬಿಚ್ಚಿ ಕಾಗದ ಓದಿ ಹೇಳುವ ಕೆಲಸ ಮನೆಯಲ್ಲಿ ನಾಲ್ಕಕ್ಷರ ಇಂಗ್ಲಿಷು ಬಲ್ಲವನ ಪಾಲಿಗೆ ಬರುತ್ತದೆ. ನಾನು ವೈದ್ಯನಲ್ಲ, ಕಚೇರಿಯ ಕಡತಗಳನ್ನು ನೋಡಿ ಹೊಟ್ಟೆ ಹೊರೆಯುವ ಗುಮಾಸ್ತ. ಆದರೆ ಓದಿ ಹೇಳಬೇಕಾದವನು ತಾನು ಓದಿದ್ದೇನೆಂಬುದನ್ನು ಸ್ವಲ್ಪವಾದರೂ ತಿಳಿದಿರಬೇಕಷ್ಟೆ. ಅದನ್ನು ತಿಳಿಯದೆ ನಾವು ಮಾಡಿದ ಒಂದು ತಪ್ಪೇ ಈ ಲೇಖನಕ್ಕೆ ಕಾರಣ.

೨೦೧೬ರ ಮಳೆಗಾಲದಲ್ಲಿ ನನ್ನ ದೊಡ್ಡಪ್ಪನ ಮಗಳು ತನ್ನ ಆರು ವರ್ಷದ ಹುಡುಗನನ್ನು ಕರೆದುಕೊಂಡು ಶಿರಸಿಯ ಕಡೆಯಿಂದ ಬಂದಳು. ಹುಡುಗ ಬಿಳಿಚಿಕೊಂಡಿದ್ದ, ಬಿಟ್ಟು ಬಿಟ್ಟು ಜ್ವರ, ಎಲ್ಲೂ ಬೀಳದಿದ್ದರೂ ಕಾಲ ಮೇಲೆ ನೀಲಿ ಕಲೆಗಳು. ರಕ್ತದ ಕ್ಯಾನ್ಸರ್ ಎಂದು ತಿಳಿದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಹುಡುಗನನ್ನು ಕಳೆದುಕೊಂಡೆವೆಂದೇ ಎಲ್ಲರೂ ಅತ್ತೆವು. ಅವರಿಗೆ ಗಂಡುದಿಕ್ಕಾಗಿ ಜೊತೆಯಲ್ಲಿ ಬಂದವನು ನನ್ನ ಸೋದರಮಾವ. ಗಟ್ಟಿ ಮನುಷ್ಯ. ದಿನಾಲು ಆಸ್ಪತ್ರೆಯ ಜಗಲಿಯಲ್ಲಿ ಕುಳಿತು, ರಕ್ತ ಕೊಡುವವರನ್ನು ಹುಡುಕಿ, ಔಷಧದ ಸಾಲಿನಲ್ಲಿ ನಿಂತು, ಆ ತಾಯಿಗೆ ಧೈರ್ಯ ಹೇಳುತ್ತಿದ್ದ. ಅವನ ಎಡಗೆನ್ನೆಯ ಒಳಗೆ ಒಂದು ಹುಣ್ಣಿತ್ತು. ನೋವಿಲ್ಲ. “ಉಷ್ಣ ಕಣೋ, ಮುಂಬಯಿ ನೀರು” ಎನ್ನುತ್ತಿದ್ದ. ನಾವೂ ನಕ್ಕು ಎಳನೀರು ಕುಡಿಸಿದೆವು.

ಆ ಹುಡುಗ ಈಗ ಹೈಸ್ಕೂಲಿನಲ್ಲಿ ಓದುತ್ತಿದ್ದಾನೆ. ನನ್ನ ಮಾವ ೨೦೧೮ರಲ್ಲಿ ತೀರಿಕೊಂಡ. ಕ್ಯಾನ್ಸರ್ ಆಸ್ಪತ್ರೆಯ ಜಗಲಿಯಲ್ಲಿ ಒಂದೂವರೆ ತಿಂಗಳು ಕುಳಿತಿದ್ದವನು ಒಳಗೆ ಹೋಗಿ ಒಮ್ಮೆ ಬಾಯಿ ತೆರೆದು ತೋರಿಸಲಿಲ್ಲ. ತೋರಿಸೆಂದು ನಾವೂ ಹೇಳಲಿಲ್ಲ. ಕ್ಯಾನ್ಸರ್ ಎಂದರೆ ಒಂದೇ ರೋಗ, ಅದು ಬಂದರೆ ಹೀಗೆಯೇ ಇರುತ್ತದೆ, ಹೀಗೆಯೇ ಮುಗಿಯುತ್ತದೆ ಎಂದು ತಿಳಿದಿದ್ದೆವು. ಅದು ಒಂದು ರೋಗವಲ್ಲ. ಒಂದೇ ಹೆಸರನ್ನು ಹೊತ್ತ ನೂರಕ್ಕೂ ಹೆಚ್ಚು ರೋಗಗಳು. ಹುಟ್ಟುವ ಜಾಗ, ಕಾರಣ, ತೋರುವ ಲಕ್ಷಣ, ಬೆಳೆಯುವ ವೇಗ, ಗುಣವಾಗುವ ಸಂಭವ, ಇವೆಲ್ಲ ಒಂದೊಂದರಲ್ಲಿ ಒಂದೊಂದು ಬಗೆ. ಇದನ್ನು ನಮ್ಮ ಸಂಸಾರಗಳು ಅರಿತರೆ ವ್ಯರ್ಥವಾದ ಭಯವೂ ತಪ್ಪೀತು, ವ್ಯರ್ಥವಾದ ಧೈರ್ಯವೂ ತಪ್ಪೀತು.

ಏಡಿಯ ಹೆಸರು

ಗ್ರೀಸಿನ ವೈದ್ಯ ಹಿಪೊಕ್ರೇಟಿಸನ ಕಾಲದವರು ಕೆಲವು ಗಂಟುಗಳನ್ನು ಏಡಿಗೆ ಹೋಲಿಸಿ ‘ಕಾರ್ಕಿನೋಸ್’ ಎಂದರು. ಲ್ಯಾಟಿನ್ ಭಾಷೆಯಲ್ಲಿ ಏಡಿಗೆ ‘ಕ್ಯಾನ್ಸರ್’ ಎಂದು ಹೆಸರು. ನಮ್ಮ ಪಂಚಾಂಗದ ಕರ್ಕಾಟಕ ರಾಶಿಯೂ ಅದೇ ಏಡಿಯೇ. ಸುಶ್ರುತ ಸಂಹಿತೆಯಲ್ಲಿ ಗಂಟಿನ ರೋಗಕ್ಕೆ ಅರ್ಬುದವೆಂಬ ಮಾತಿದೆ. ಕನ್ನಡದಲ್ಲಿ ಈಗ ಅದನ್ನೇ ಕ್ಯಾನ್ಸರಿಗೆ ಬಳಸುತ್ತೇವೆ. ಹೆಸರು ಹಳೆಯದು, ಸೊಗಸಾದದ್ದು. ಆದರೆ ಅದರಿಂದ ಒಂದು ತೊಡಕೂ ಉಂಟಾಗಿದೆ. ಕ್ಯಾನ್ಸರೆಂದರೆ ಗಂಟು ಎಂದೇ ನಮ್ಮ ಮನಸ್ಸಿನಲ್ಲಿ ಕುಳಿತಿದೆ. ರಕ್ತದ ಕ್ಯಾನ್ಸರಿನಲ್ಲಿ ಗಂಟೆಂಬುದು ಇಲ್ಲದಿರಬಹುದು. ಬಾಯಿಯ ಕ್ಯಾನ್ಸರು ಬರಿಯ ಒಂದು ಬಿಳಿಯ ಕಲೆಯಾಗಿ ಮೊದಲಾಗಬಹುದು.

ಹಾಗಾದರೆ ಇವೆಲ್ಲಕ್ಕೂ ಸಮಾನವಾದದ್ದೇನು? ನಮ್ಮ ಶರೀರವು ಲೆಕ್ಕವಿಲ್ಲದಷ್ಟು ಸಣ್ಣ ಜೀವಕೋಶಗಳಿಂದ ಕಟ್ಟಿದ್ದು. ಇವು ಬೇಕಾದಾಗ ಒಡೆದು ಎರಡಾಗುತ್ತವೆ, ಹಳತಾದಾಗ ಸಾಯುತ್ತವೆ. ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ಆಜ್ಞೆ ಕೋಶದೊಳಗಿನ ವಂಶವಾಹಿಗಳಲ್ಲಿ ಬರೆದಿರುತ್ತದೆ. ಹೊಗೆಸೊಪ್ಪು, ಕೆಲವು ವೈರಸ್ಸುಗಳು, ವಿಕಿರಣ ಮೊದಲಾದವುಗಳಿಂದಾಗಲಿ, ವಯಸ್ಸು ಕಳೆದಂತೆ ತಾನೇ ತಾನಾಗಿಯಾಗಲಿ ಆ ಬರೆಹ ಅಲ್ಲಲ್ಲಿ ಅಳಿಸಿದರೆ ಕೋಶವು ಆಜ್ಞೆ ಮೀರುತ್ತದೆ. ನಿವೃತ್ತಿಯ ವಯಸ್ಸಾದರೂ ಕುರ್ಚಿ ಬಿಡದೆ, ತನ್ನಂಥ ನಾಲ್ವರನ್ನು ಸೇರಿಸಿಕೊಂಡು, ಪಕ್ಕದ ಕೋಣೆಯನ್ನೂ ಆಕ್ರಮಿಸುವ ನೌಕರನಿದ್ದರೆ ಕಚೇರಿಯ ಗತಿ ಏನಾದೀತೋ ಶರೀರದ ಗತಿಯೂ ಅದೇ. ಇದು ಅಂಟುರೋಗವಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡುವುದು ನಮ್ಮ ಮನೆಗಳಲ್ಲಿ ಇನ್ನೂ ನಡೆದಿದೆ. ಅದರಿಂದ ರೋಗ ತಡೆಯುವುದಿಲ್ಲ, ರೋಗಿಯ ಮನಸ್ಸು ಮಾತ್ರ ಒಡೆಯುತ್ತದೆ.

ಐದು ಮನೆತನಗಳು

ವೈದ್ಯರು ಈ ರೋಗಗಳನ್ನು ಹುಟ್ಟಿದ ಮನೆ ನೋಡಿ ವಿಂಗಡಿಸುತ್ತಾರೆ. ಚರ್ಮ, ಬಾಯಿ, ಕರುಳು, ಶ್ವಾಸಕೋಶ ಮೊದಲಾದವುಗಳ ಮೇಲ್ಪದರದಲ್ಲಿಯೂ ಗ್ರಂಥಿಗಳಲ್ಲಿಯೂ ಹುಟ್ಟುವುದು ಕಾರ್ಸಿನೋಮ. ದೊಡ್ಡವರಿಗೆ ಬರುವ ಕ್ಯಾನ್ಸರುಗಳಲ್ಲಿ ಹೆಚ್ಚಿನ ಪಾಲು ಇದೇ. ಎಲುಬು, ಸ್ನಾಯು, ಕೊಬ್ಬುಗಳಲ್ಲಿ ಹುಟ್ಟುವುದು ಸಾರ್ಕೋಮ, ಇದು ವಿರಳ. ಹರೆಯದ ಹುಡುಗರಲ್ಲಿ ಮೊಣಕಾಲಿನ ಹತ್ತಿರ ಬಾವು ಬಂದು, ರಾತ್ರಿ ನೋಯುತ್ತ, ವಾರಗಳಾದರೂ ಇಳಿಯದಿದ್ದರೆ ಆಟದ ಪೆಟ್ಟೆಂದು ಬಿಡಬಾರದು ಎನ್ನುವುದು ಇದಕ್ಕಾಗಿಯೇ. ಎಲುಬಿನೊಳಗಿನ ಮಜ್ಜೆಯಲ್ಲಿ, ರಕ್ತಕಣಗಳು ಹುಟ್ಟುವಲ್ಲಿ ತೊಡಗುವುದು ಲ್ಯುಕೀಮಿಯ. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಕೈಗೆ ಸಿಗುವ ದುಗ್ಧಗ್ರಂಥಿಗಳಲ್ಲಿ ತೊಡಗುವುದು ಲಿಂಫೋಮ. ಮಜ್ಜೆಯಲ್ಲಿದ್ದುಕೊಂಡು ರೋಗನಿರೋಧಕ ದ್ರವ್ಯಗಳನ್ನು ತಯಾರಿಸುವ ಒಂದು ಜಾತಿಯ ಕೋಶಗಳು ಕೆಟ್ಟರೆ ಅದು ಮಯಲೋಮ. ಹೆಚ್ಚಾಗಿ ವಯಸ್ಸಾದವರಲ್ಲಿ ಬೆನ್ನುನೋವು, ರಕ್ತಹೀನತೆಯ ರೂಪದಲ್ಲಿ ಕಾಣುತ್ತದೆ.

ನಮ್ಮ ದೇಶದಲ್ಲಿ ೨೦೨೨ರಲ್ಲಿ ಸುಮಾರು ೧೪ ಲಕ್ಷ ಜನರಿಗೆ ಹೊಸದಾಗಿ ಕ್ಯಾನ್ಸರ್ ಬಂದಿತೆಂದು ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆಯ ಅಂದಾಜು. ಅದರಲ್ಲಿ ಮೊದಲನೆಯ ಸ್ಥಾನ ಸ್ತನದ ಕ್ಯಾನ್ಸರಿಗೆ, ಸುಮಾರು ೧ ಲಕ್ಷ ೯೨ ಸಾವಿರ. ಎರಡನೆಯದು ತುಟಿ-ಬಾಯಿಯದು, ೧ ಲಕ್ಷ ೪೩ ಸಾವಿರ. ಮೂರನೆಯದು ಗರ್ಭಕೊರಳಿನದು, ೧ ಲಕ್ಷ ೨೭ ಸಾವಿರ. ಅನಂತರ ಶ್ವಾಸಕೋಶ, ಅನ್ನನಾಳಗಳು. ಈ ಮೊದಲ ಮೂರರಲ್ಲಿ ಒಂದು ವಿಶೇಷವುಂಟು. ಮೂರೂ ಕಣ್ಣಿಗೆ ಕಾಣುವ, ಇಲ್ಲವೆ ಕೈಗೆ ಸಿಗುವ ಜಾಗದವು. ಮೊದಲೇ ಹಿಡಿಯಬಹುದಾದವುಗಳೇ ನಮ್ಮಲ್ಲಿ ಇಷ್ಟೊಂದು ಜನರನ್ನು ಕೊಂಡೊಯ್ಯುತ್ತಿವೆ ಎಂಬುದು ಯೋಚಿಸಬೇಕಾದ ಸಂಗತಿ.

ಬಾಯಿ

ಬಾಯಿಯ ಕ್ಯಾನ್ಸರ್ ನಾವು ದುಡ್ಡು ಕೊಟ್ಟು ಕೊಳ್ಳುವ ರೋಗ. ಹೊಗೆಸೊಪ್ಪು, ಜರ್ದಾ, ಖೈನಿ, ಗುಟಕಾ ಇದರ ಮುಖ್ಯ ಕಾರಣ. “ನಾನು ಹೊಗೆಸೊಪ್ಪು ಮುಟ್ಟುವುದಿಲ್ಲ, ಬರೇ ಅಡಿಕೆ” ಎನ್ನುವವರಿಗೂ ಬಿಡುಗಡೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ನಿರ್ಣಯಿಸಿದೆ. ಅಡಿಕೆ ತೋಟದ ಅನ್ನವನ್ನೇ ಉಂಡು ಬೆಳೆದ ನನಗೆ ಇದನ್ನು ಬರೆಯುವುದು ಹಿತವಲ್ಲ. ಊರಿನಲ್ಲಿ ಯಾರಿಗೂ ಇದು ಹಿಡಿಸುವ ಮಾತೂ ಅಲ್ಲ. ಆದರೆ ಮಾವನ ಗೆನ್ನೆಯನ್ನು ಕಂಡ ಮೇಲೆ ಬರೆಯದಿರಲಾರೆ.

ಇದು ಒಂದೇ ದಿನ ಬರುವುದಿಲ್ಲ. ಗೆನ್ನೆಯೊಳಗೆ ಉಜ್ಜಿದರೂ ಹೋಗದ ಬಿಳಿಯ ಕಲೆ, ಮಖಮಲ್ಲಿನಂಥ ಕೆಂಪು ಕಲೆ, ಖಾರ ತಿಂದರೆ ಉರಿ, ವರ್ಷ ಕಳೆದಂತೆ ಬಾಯಿ ಅಗಲವಾಗಿ ತೆರೆಯಲು ಬಾರದಿರುವುದು, ಇವು ಮುನ್ಸೂಚನೆಗಳು. ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ ಬಾಯಿಯಲ್ಲಿ ಇಡಲು ಆಗದವನು ದಂತವೈದ್ಯರನ್ನು ಕಾಣುವುದು ಮೇಲು. ಮೂರು ವಾರಗಳಲ್ಲಿ ಮಾಯದ ಹುಣ್ಣು, ನೋಯಲಿ ನೋಯದಿರಲಿ, ಪರೀಕ್ಷೆಗೆ ಹೋಗಲೇಬೇಕು. ನೋವಿಲ್ಲವೆಂಬುದೇ ಇಲ್ಲಿ ಮೋಸ. ಸಾಧಾರಣವಾದ ಬಾಯಿಹುಣ್ಣು ಅನ್ನ ತಿನ್ನಗೊಡದಷ್ಟು ನೋಯಿಸಿ ಹತ್ತು ಹದಿನೈದು ದಿನಗಳಲ್ಲಿ ಹೋಗುತ್ತದೆ. ಇದು ಸುಮ್ಮನಿದ್ದು ಬೆಳೆಯುತ್ತದೆ. ಚಿಕ್ಕದಾಗಿದ್ದಾಗ ಶಸ್ತ್ರಕ್ರಿಯೆಯೊಂದರಿಂದಲೇ ಹಲವರಿಗೆ ಗುಣವಾಗುವುದುಂಟು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಹಾಗೆ ಮಾಡಿಕೊಳ್ಳಬಾರದು.

ಸ್ತನ

ಸ್ತನದ ಕ್ಯಾನ್ಸರಿಗೆ ಹೀಗೆ ಬೆರಳಿಟ್ಟು ತೋರಿಸಬಹುದಾದ ಒಂದು ಕಾರಣವಿಲ್ಲ. ವಯಸ್ಸು, ಹಾರ್ಮೋನುಗಳು, ಮುಟ್ಟು ನಿಂತ ಮೇಲೆ ಏರುವ ಬೊಜ್ಜು, ಮದ್ಯ, ಇವೆಲ್ಲ ಅಷ್ಟಷ್ಟು ಪಾಲು. ಕೆಲವು ಮನೆತನಗಳಲ್ಲಿ ಮಾತ್ರ ತಾಯಿ, ಚಿಕ್ಕಮ್ಮ, ಅಕ್ಕ ಎಂದು ಸಾಲಾಗಿ ಬರುವುದುಂಟು. ಇದಕ್ಕೆ ಸಂಬಂಧಿಸಿದ ಎರಡು ವಂಶವಾಹಿಗಳು ೧೯೯೪ ಮತ್ತು ೧೯೯೫ರಲ್ಲಿ ಗೊತ್ತಾದವು. ಆದರೆ ನೂರರಲ್ಲಿ ಐದರಿಂದ ಹತ್ತು ಮಾತ್ರ ಹೀಗೆ ವಂಶದಿಂದ ಬಂದವು. “ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ” ಎಂಬ ಸಮಾಧಾನಕ್ಕೆ ಆದುದರಿಂದ ಹೆಚ್ಚು ಬೆಲೆಯಿಲ್ಲ. ಪುರುಷರಿಗೂ ಇದು ಬರುತ್ತದೆ, ನೂರರಲ್ಲಿ ಒಂದರಂತೆ.

ಗಟ್ಟಿಯಾದ, ನೋಯದ ಗಂಟು. ಚರ್ಮ ಒಳಗೆ ಸೆಳೆದು ಗುಳಿಬಿದ್ದಂತಿರುವುದು. ತೊಟ್ಟು ಹೊಸದಾಗಿ ಒಳಸೇರುವುದು. ರಕ್ತ ಮಿಶ್ರಿತ ದ್ರವ. ಕಂಕುಳಿನಲ್ಲಿ ಗಂಟು: ಇವು ಲಕ್ಷಣಗಳು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಯಾವುದು ಯಾವುದೆಂದು ಹೇಳಬೇಕಾದವರು ವೈದ್ಯರು, ನೆರೆಮನೆಯವರಲ್ಲ.

ಒಂದೇ ಹೆಸರಿನೊಳಗೂ ಎಷ್ಟು ಭೇದವಿದೆ ಎಂಬುದಕ್ಕೆ ಈ ರೋಗವೇ ಒಳ್ಳೆಯ ಉದಾಹರಣೆ. ಕೆಲವು ಗಂಟುಗಳು ಸ್ತ್ರೀ ಹಾರ್ಮೋನಿನ ಬಲದಿಂದ ಬೆಳೆಯುತ್ತವೆ. ಅವುಗಳಿಗೆ ಹಾರ್ಮೋನನ್ನು ತಡೆಯುವ ಟಾಮಾಕ್ಸಿಫೆನ್ ಮೊದಲಾದ ಮಾತ್ರೆಗಳನ್ನು ಐದು ವರ್ಷವೋ ಹೆಚ್ಚೋ ಕೊಡುತ್ತಾರೆ. ಕೆಲವುಗಳಲ್ಲಿ ಹರ್-ಟು ಎಂಬ ಪ್ರೋಟೀನು ಹೆಚ್ಚಾಗಿರುತ್ತದೆ. ಅದನ್ನೇ ಗುರಿಯಾಗಿ ಹೊಡೆಯುವ ಚುಚ್ಚುಮದ್ದು ಬೇರೆ. ಇವೆರಡೂ ಇಲ್ಲದ ಮೂರನೆಯ ಬಗೆಗೆ ಔಷಧವೂ ಬೇರೆ, ವೇಗವೂ ಹೆಚ್ಚು. ಎದುರುಮನೆಯ ಹೆಂಗಸಿಗೆ ಬರಿಯ ಮಾತ್ರೆ, ನಮ್ಮವಳಿಗೆ ಮಾತ್ರ ಕೂದಲುದುರುವ ಔಷಧವೇಕೆ ಎಂದು ವೈದ್ಯರ ಮೇಲೆ ಸಂಶಯಪಡುವವರು ಇದನ್ನು ನೆನೆಯಬೇಕು.

ಗರ್ಭಕೊರಳು

ಗರ್ಭಕೊರಳಿನ ಕ್ಯಾನ್ಸರಿನ ಕಥೆ ಪೂರ್ತಿ ಬೇರೆ. ಇದು ಹೆಚ್ಚುಕಡಮೆ ಎಲ್ಲ ಸಂದರ್ಭಗಳಲ್ಲಿಯೂ ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುತ್ತದೆ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹಾರಾಲ್ಡ್ ತ್ಸುರ್ ಹೌಸೆನ್ ಅವರಿಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಈ ವೈರಸ್ಸು ದಾಂಪತ್ಯ ಸಂಪರ್ಕದಿಂದ ಹರಡುವುದು, ಅತ್ಯಂತ ಸಾಮಾನ್ಯವಾದದ್ದು. ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಆದುದರಿಂದ ಈ ರೋಗ ಬಂದ ಹೆಂಗಸಿನ ನಡತೆಯನ್ನು ಅಳೆಯುವುದು ಅಜ್ಞಾನ ಮಾತ್ರವಲ್ಲ, ಕ್ರೌರ್ಯ. ಉಳಿದುಕೊಂಡ ಕೆಲವರಲ್ಲಿ ಹತ್ತು ಹದಿನೈದು ವರ್ಷ ನಿಧಾನವಾಗಿ ಕೆಲಸ ಮಾಡಿ ಅದು ಕ್ಯಾನ್ಸರ್ ಆಗುತ್ತದೆ. ಇಷ್ಟು ದೀರ್ಘ ಅವಧಿ ಸಿಗುವುದರಿಂದಲೇ ಇದನ್ನು ತಡೆಯಲು ಸಾಧ್ಯ.

ಈ ಮಾತಿಗೆ ನಮ್ಮ ಮುಂಬಯಿಯೇ ಸಾಕ್ಷಿ. ಟಾಟಾ ಸ್ಮಾರಕದ ವೈದ್ಯರು ೧೯೯೮ರಲ್ಲಿ ತೊಡಗಿ, ಇಲ್ಲಿನ ಬಡಬಸ್ತಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಪಾಲು ಮಾಡಿ ವರ್ಷಗಟ್ಟಲೆ ನೋಡಿದರು. ಒಂದು ಪಾಲಿನವರಿಗೆ ತಿಳಿವಳಿಕೆ ಮಾತ್ರ. ಇನ್ನೊಂದು ಪಾಲಿನವರಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ಪರೀಕ್ಷೆಯೆಂದರೆ ಯಂತ್ರವಲ್ಲ; ನಮ್ಮ ಅಡಿಗೆಮನೆಯ ವಿನೆಗರಿನಂಥ ದ್ರಾವಣವನ್ನು ಹಚ್ಚಿ, ಬಿಳಿಯಾಗುವ ಜಾಗವಿದೆಯೇ ಎಂದು ನೋಡುವುದು. ನೋಡಿದವರು ಹತ್ತನೆಯ ಇಯತ್ತೆ ಓದಿ ತರಬೇತಿ ಪಡೆದ ಹೆಣ್ಣುಮಕ್ಕಳು. ೨೦೧೩ರಲ್ಲಿ ಫಲ ಹೊರಬಿದ್ದಾಗ ಪರೀಕ್ಷೆ ಮಾಡಿದವರಲ್ಲಿ ಈ ರೋಗದಿಂದಾದ ಸಾವು ನೂರಕ್ಕೆ ೩೧ರಷ್ಟು ಕಡಮೆಯಾಗಿತ್ತು. ಕೈಯಿಂದ ಸ್ತನ ಪರೀಕ್ಷಿಸುವ ಕೆಲಸವನ್ನೂ ಇವರೇ ಮಾಡಿದ್ದರು. ಅದರ ಫಲ ೨೦೨೧ರಲ್ಲಿ ಪ್ರಕಟವಾಯಿತು. ಐವತ್ತು ದಾಟಿದ ಹೆಂಗಸರಲ್ಲಿ ಸಾವು ನೂರಕ್ಕೆ ಸುಮಾರು ೩೦ರಷ್ಟು ಇಳಿದಿತ್ತು.

ಇದಲ್ಲದೆ ಲಸಿಕೆಯುಂಟು. ಪುಣೆಯಲ್ಲಿ ತಯಾರಾದ ಸ್ವದೇಶೀ ಲಸಿಕೆಗೆ ೨೦೨೨ರಲ್ಲಿ ಸರಕಾರದ ಅನುಮತಿ ದೊರೆಯಿತು. ಒಂಬತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ ಹಾಕಿಸಿದರೆ ಅದರ ಫಲ ಅತ್ಯುತ್ತಮ. ಮಗಳ ಮದುವೆಗೆಂದು ಚಿನ್ನ ಕೂಡಿಡುವ ನಾವು ಈ ಒಂದು ಚುಚ್ಚುಮದ್ದಿನ ವಿಚಾರವನ್ನೂ ವೈದ್ಯರಲ್ಲಿ ಕೇಳುವುದು ಒಳಿತು. ದೊಡ್ಡವರಾದರೋ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಸಂಪರ್ಕದ ನಂತರ ರಕ್ತ ಕಂಡರೆ, ದುರ್ಗಂಧದ ಸ್ರಾವವಿದ್ದರೆ ನಾಚಿಕೆಯನ್ನು ಬದಿಗಿಟ್ಟು ಅದೇ ವಾರ ಲೇಡಿ ಡಾಕ್ಟರನ್ನು ಕಾಣಬೇಕು. ಸೊಸೆಯೊಂದಿಗೆ ಹೇಳಲಾರದೆ ಹತ್ತು ತಿಂಗಳು ಮುಚ್ಚಿಟ್ಟ ಅತ್ತೆಯರು ನಮ್ಮಲ್ಲಿ ಎಷ್ಟೋ ಜನ.

ಎದೆ ಮತ್ತು ಹೊಟ್ಟೆ

ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ಸಂಬಂಧವನ್ನು ಲಂಡನ್ನಿನ ಡಾಲ್ ಮತ್ತು ಹಿಲ್ ಎಂಬವರು ೧೯೫೦ರಲ್ಲಿಯೇ ಅಂಕಿಗಳಿಂದ ತೋರಿಸಿದರು. ಬೀಡಿಯೂ ಅದಕ್ಕೆ ಹಿಂದುಳಿದಿಲ್ಲ. ಆದರೆ ಎಂದೂ ಸೇದದವರಿಗೂ, ವಿಶೇಷವಾಗಿ ಹೆಂಗಸರಿಗೆ, ಇದರ ಒಂದು ಬಗೆ ಬರುತ್ತದೆ. ಆ ಬಗೆಯ ಗಂಟಿನಲ್ಲಿ ಒಂದು ವಂಶವಾಹಿಯ ದೋಷ ಅನೇಕ ವೇಳೆ ಕಂಡುಬರುವುದರಿಂದ ಅದಕ್ಕೆ ತಕ್ಕ ಮಾತ್ರೆಗಳು ಈಗ ಇವೆ. ಸಣ್ಣ ಕೋಶದ ಬಗೆಯೆಂಬುದು ಇನ್ನೊಂದು. ಅದು ಹೆಚ್ಚಾಗಿ ಸೇದುವವರದು, ಬಲುಬೇಗ ಹರಡುವುದು. ನಮ್ಮ ದೇಶದಲ್ಲಿ ಕೆಮ್ಮಿ ಸೊರಗಿದವನಿಗೆ ಕ್ಷಯವೆಂದೇ ಮೊದಲು ಎಣಿಸುವುದರಿಂದ ತಿಂಗಳುಗಳು ಕಳೆದುಹೋಗುತ್ತವೆ. ಕಫದಲ್ಲಿ ರಕ್ತ, ಮೂರು ವಾರ ದಾಟಿದ ಕೆಮ್ಮು, ಕ್ಷಯದ ಔಷಧಕ್ಕೆ ಬಗ್ಗದ ಕೆಮ್ಮು, ಇವುಗಳಿಗೆ ಮತ್ತೊಮ್ಮೆ ಪರೀಕ್ಷೆ ಬೇಕು.

ಅನ್ನನಾಳದ ರೋಗದಲ್ಲಿ ಮೊದಲು ರೊಟ್ಟಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಅನ್ನ, ಕೊನೆಗೆ ಗಂಜಿ. ದೊಡ್ಡ ಕರುಳಿನದು ಸಾಮಾನ್ಯವಾಗಿ ಒಂದು ಸಣ್ಣ ಮೊಳಕೆಯಂಥ ಬೆಳವಣಿಗೆಯಿಂದ ತೊಡಗಿ ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಆ ಮೊಳಕೆಯನ್ನು ದುರ್ಬೀನಿನಿಂದ ನೋಡಿ ತೆಗೆದುಬಿಟ್ಟರೆ ರೋಗವೇ ಬಾರದು. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಬೇರುಗಳನ್ನು ಅರೆಯುವುದು ಇಲ್ಲಿಯ ತಪ್ಪು. ಯಕೃತ್ತಿನ ಕ್ಯಾನ್ಸರಿನ ಹಿಂದೆ ಅನೇಕ ಸಲ ಹೆಪಟೈಟಿಸ್-ಬಿ ಎಂಬ ಕಾಮಾಲೆಯ ವೈರಸ್ಸಿರುತ್ತದೆ. ಮಕ್ಕಳಿಗೆ ಹಾಕಿಸುವ ಅದರ ಲಸಿಕೆ ಈ ಕ್ಯಾನ್ಸರಿಗೂ ಕಾವಲು. ಮೇದೋಜೀರಕ ಗ್ರಂಥಿಯದು ಹೊಟ್ಟೆಯ ಹಿಂಭಾಗದಲ್ಲಿ ಅಡಗಿದ್ದು ತಡವಾಗಿ ಕಾಣಿಸಿಕೊಳ್ಳುವುದರಿಂದ ಅತ್ಯಂತ ಕಠಿನವಾದವುಗಳಲ್ಲಿ ಒಂದು. ಪ್ರೋಸ್ಟೇಟ್ ಗ್ರಂಥಿಯದು ಇದಕ್ಕೆ ವಿರುದ್ಧ: ಕೆಲವು ಮುದುಕರಲ್ಲಿ ಎಷ್ಟು ನಿಧಾನವೆಂದರೆ, ಔಷಧವನ್ನೇ ಕೊಡದೆ ಬರಿದೆ ಗಮನಿಸುತ್ತಿರಲು ವೈದ್ಯರು ಹೇಳುವುದುಂಟು. ಥೈರಾಯ್ಡಿನ ಸಾಮಾನ್ಯ ಬಗೆಯೂ ಹೆಚ್ಚಾಗಿ ಗುಣವಾಗುವಂಥದು. ಎಲ್ಲಕ್ಕೂ ಹೆಸರು ಕ್ಯಾನ್ಸರೇ!

ರಕ್ತ

ರಕ್ತದ ಕ್ಯಾನ್ಸರೆಂಬುದೂ ಒಂದಲ್ಲ. ತೀವ್ರವಾದದ್ದು, ನಿಧಾನವಾದದ್ದು, ಅವುಗಳಲ್ಲಿ ಪ್ರತಿಯೊಂದಕ್ಕೂ ಕೆಟ್ಟ ಬಿಳಿಕಣದ ಜಾತಿಗನುಸಾರ ಎರಡೆರಡು, ಹೀಗೆ ಮುಖ್ಯವಾಗಿ ನಾಲ್ಕು. ನಮ್ಮ ಹುಡುಗನಿಗೆ ಬಂದದ್ದು ತೀವ್ರವಾದ ಲಿಂಫಾಯ್ಡ್ ಬಗೆ; ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಅದೇ ಮುಖ್ಯವಾದದ್ದು. ಹಿಂದೆ ಇದು ಬಂದ ಮಗು ಕೆಲವು ವಾರ, ತಿಂಗಳುಗಳಲ್ಲಿ ತೀರಿಕೊಳ್ಳುತ್ತಿತ್ತು. ೧೯೪೮ರಲ್ಲಿ ಬೋಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಎಂಬ ಔಷಧದಿಂದ ಕೆಲವು ಮಕ್ಕಳ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತೆಂದು ಪ್ರಕಟಿಸಿದರು. ಆ ಔಷಧವನ್ನು ಸಿದ್ಧಪಡಿಸಿದ ಅಮೆರಿಕದ ಪ್ರಯೋಗಾಲಯದ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಲ್ಲಿಂದ ಮುಂದೆ ಹಲವು ಔಷಧಗಳನ್ನು ಸೇರಿಸಿ ಎರಡು ಮೂರು ವರ್ಷ ಬಿಡದೆ ಕೊಡುವ ಕ್ರಮ ಬೆಳೆಯಿತು. ಮುಂದುವರಿದ ದೇಶಗಳಲ್ಲಿ ಈಗ ಇಂಥ ಹತ್ತು ಮಕ್ಕಳಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ನಮ್ಮಲ್ಲಿಯೂ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡದ ಮಕ್ಕಳು ಬಹುಸಂಖ್ಯೆಯಲ್ಲಿ ಉಳಿಯುತ್ತಾರೆ. ಜ್ವರ ಬಿಟ್ಟಿತು, ಕೂದಲು ಬಂತು, ಇನ್ನೇಕೆ ಎಂದು ಊರಿಗೆ ಹೊರಟುಬಿಡುವುದೇ ದೊಡ್ಡ ಅಪಾಯ. ದೊಡ್ಡವರಿಗೆ ಬರುವ ನಿಧಾನವಾದ ಮಯಲಾಯ್ಡ್ ಬಗೆಗೆ ೨೦೦೧ರಿಂದ ಇಮಾಟಿನಿಬ್ ಎಂಬ ಮಾತ್ರೆ ಬಂದಿದ್ದು, ದಿನವೂ ಅದನ್ನು ನುಂಗಿ ಕಚೇರಿಗೆ ಹೋಗಿಬರುವ ಜನರಿದ್ದಾರೆ.

ಕೇಳಬೇಕಾದ ನಾಲ್ಕು ಪ್ರಶ್ನೆ

ಇಷ್ಟನ್ನು ತಿಳಿದ ಮೇಲೆ, ಲಕೋಟೆ ಹಿಡಿದು ಬಂದ ನೆಂಟರೊಂದಿಗೆ ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು? “ಕ್ಯಾನ್ಸರೇ ಹೌದೋ?” ಎಂದು ಮಾತ್ರ ಕೇಳಿ ಎದ್ದುಬರಬಾರದು. ಎಲ್ಲಿ ಹುಟ್ಟಿದ್ದು? ಯಾವ ಬಗೆಯದು? ಯಾವ ಹಂತದಲ್ಲಿದೆ? ಚಿಕಿತ್ಸೆಯ ಗುರಿ ಏನು: ಗುಣಪಡಿಸುವುದೋ, ಹಿಡಿದಿಡುವುದೋ, ನೋವು ತಗ್ಗಿಸುವುದೋ? ಈ ನಾಲ್ಕಕ್ಕೆ ಉತ್ತರ ಬರೆದುಕೊಂಡರೆ ಮುಂದಿನ ದಾರಿ ಕಾಣುತ್ತದೆ.

ಎಲ್ಲಿ ಹುಟ್ಟಿತೆಂಬುದು ಏಕೆ ಮುಖ್ಯವೆಂದರೆ, ಸ್ತನದಿಂದ ಎಲುಬಿಗೆ ಹೋದ ರೋಗ ಎಲುಬಿನ ಕ್ಯಾನ್ಸರಲ್ಲ. ಅದು ಎಲುಬಿಗೆ ವಲಸೆ ಹೋದ ಸ್ತನದ ಕ್ಯಾನ್ಸರೇ. ನಾವು ಮುಂಬಯಿಗೆ ಬಂದರೂ ಕನ್ನಡಿಗರಾಗಿಯೇ ಉಳಿದಿರುವ ಹಾಗೆ ಆ ಕೋಶಗಳು ತಮ್ಮ ಹುಟ್ಟುಗುಣವನ್ನು ಬಿಡುವುದಿಲ್ಲ. ಔಷಧವೂ ಹುಟ್ಟಿದ ಮನೆಗೆ ತಕ್ಕದ್ದೇ ಬೇಕು. ಬಗೆ ತಿಳಿಯುವುದು ಗಂಟಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯಿಂದ. ಸೂಜಿ ಮುಟ್ಟಿಸಿದರೆ ರೋಗ ಹರಡುತ್ತದೆ ಎಂಬ ಹೆದರಿಕೆಯಿಂದ ಅದನ್ನು ತಪ್ಪಿಸಿಕೊಂಡವರು ಕತ್ತಲೆಯಲ್ಲಿ ಕಲ್ಲು ಹೊಡೆದಂತೆ ಔಷಧ ಮಾಡುತ್ತಾರೆ. ಹಂತವೆಂದರೆ ರೋಗ ಎಷ್ಟು ದೂರ ಹೋಗಿದೆಯೆಂಬ ಲೆಕ್ಕ, ಒಂದರಿಂದ ನಾಲ್ಕರವರೆಗೆ. ಆದರೆ ನಾಲ್ಕೆಂದ ಮಾತ್ರಕ್ಕೆ ಎಲ್ಲ ರೋಗಗಳಲ್ಲಿಯೂ ಅರ್ಥ ಒಂದೇ ಅಲ್ಲ. ಹಾಡ್ಜ್‌ಕಿನ್ ಲಿಂಫೋಮದಂಥ ಕೆಲವು ರೋಗಗಳು ಆ ಹಂತದಲ್ಲಿಯೂ ಗುಣವಾಗಬಲ್ಲವು.

ಇನ್ನೊಂದು ಮಾತು. ಪರೇಲಿಗೇ ಬರಬೇಕೆಂದಿಲ್ಲ. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ. ಮದರಾಸಿನ ಕಡೆಯ ನಮ್ಮ ಬಂಧುಗಳಿಗೆ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ೧೯೫೪ರಲ್ಲಿ ಅಡ್ಯಾರಿನಲ್ಲಿ ತೆರೆದ ಸಂಸ್ಥೆಯಿದೆ. ಡಾಕ್ಟರ್ ಶಾಂತಾ ಅವರು ೨೦೨೧ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಆಯುಷ್ಯವನ್ನೆಲ್ಲ ಅದಕ್ಕೆ ಸವೆಸಿದರು. ಯಾವ ಊರಿಗೆ ಎಂಬುದಕ್ಕಿಂತ ಎಷ್ಟು ಬೇಗ ಎಂಬುದು ಮೇಲು.

ನನ್ನ ಮಾವನಿಗೆ ರೋಗ ತಿಳಿದಾಗ ಅದು ದವಡೆಯ ಎಲುಬನ್ನು ಹಿಡಿದಿತ್ತು. ಶಸ್ತ್ರಕ್ರಿಯೆಯಾಯಿತು, ವಿಕಿರಣವಾಯಿತು, ಒಂದು ವರ್ಷ ನಮ್ಮ ಮನೆಯಲ್ಲಿಯೇ ಇದ್ದ. ಮಾತು ತೊದಲುತ್ತಿತ್ತು. ಒಂದು ಸಂಜೆ ಆ ಹುಡುಗನ ಸುದ್ದಿ ಬಂದಾಗ, ಶಾಲೆಗೆ ಮತ್ತೆ ಸೇರಿದನೆಂದು ನಾನು ಓದಿ ಹೇಳಿದೆ. ಮಾವ ಸ್ಲೇಟಿನ ಮೇಲೆ ಬರೆದು ತೋರಿಸಿದ: “ಅವನ ರಕ್ತವನ್ನು ವಾರಕ್ಕೆರಡು ಸಲ ನೋಡಿದರು. ನನ್ನ ಬಾಯನ್ನು ನಾನೇ ನೋಡಿಕೊಳ್ಳಲಿಲ್ಲ.” ಅದರಲ್ಲಿ ಯಾರ ಮೇಲೆಯೂ ದೂರಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಹುಡುಗ ಕಳೆದ ಬೇಸಗೆಯಲ್ಲಿ ತಾಯಿಯೊಂದಿಗೆ ಬಂದಿದ್ದ. ಪರೇಲಿನ ವಾರ್ಷಿಕ ತಪಾಸಣೆ ಮುಗಿಸಿಕೊಂಡು ಚೌಪಾಟಿಗೂ ಹೋಗಿಬಂದ. ಇಂದು ರಾತ್ರಿ ಊಟವಾದ ಮೇಲೆ, ಈ ಲೇಖನ ಓದಿದವರು ಒಂದು ಕೆಲಸ ಮಾಡಬೇಕೆಂದು ನನ್ನ ಕೋರಿಕೆ. ಮನೆಯಲ್ಲಿ ಎಲೆಯಡಿಕೆ, ಹೊಗೆಸೊಪ್ಪು ಹಾಕುವ ಹಿರಿಯರಿದ್ದರೆ ದೀಪದ ಕೆಳಗೆ ಕೂರಿಸಿ, “ಒಮ್ಮೆ ಬಾಯಿ ತೆರೆಯಿರಿ” ಎನ್ನಿ. ಬೈದರೆ ಬೈಸಿಕೊಳ್ಳಿ. ಗೆನ್ನೆಯ ಎರಡೂ ಬದಿ, ನಾಲಗೆಯ ಅಂಚು, ನಾಲಗೆಯ ಅಡಿ ನೋಡಿ. ಮೂರು ವಾರದಿಂದ ಇರುವ ಹುಣ್ಣಾಗಲಿ, ಬಿಳಿ-ಕೆಂಪು ಕಲೆಯಾಗಲಿ ಕಂಡರೆ ನಾಳೆ ಬೆಳಗ್ಗೆ ವೈದ್ಯರಲ್ಲಿಗೆ ಕರೆದೊಯ್ಯಿರಿ.